ಐದೂವರೆಯ ವಾಕ್ಯ

ಡೊಂಬಿವಲಿಯಲ್ಲಿ ಕೆಲವು ವರ್ಷ ಇದ್ದವರಿಗೆ ಒಂದು ವಿದ್ಯೆ ತಾನಾಗಿಯೇ ಬಂದುಬಿಡುತ್ತದೆ. ಹೋಗಬೇಕಾದದ್ದು ಥಾಣೆ ಕಡೆಗೆ, ಹತ್ತುವುದು ಕಲ್ಯಾಣ್ ಗಾಡಿ. ಕಲ್ಯಾಣ್‌ನಲ್ಲಿ ಇಳಿಯದೆ ಕೂತೇ ಇದ್ದರೆ ಅದೇ ಗಾಡಿ ತಿರುಗಿ ಬರುತ್ತದೆ, ನಿಮ್ಮ ಸೀಟು ನಿಮಗೆ. ಡೊಂಬಿವಲಿಯಲ್ಲಿ ಬಾಗಿಲಿಗೆ ಜೋತುಬೀಳುವವರ ಕಣ್ಣು ತಪ್ಪಿಸಿ ಕೂರುವ ಕಲೆಯೂ ಜೊತೆಗೇ ಬರುತ್ತದೆ. ಹೀಗೆ ಸಂಪಾದಿಸಿದ ಸೀಟಿನಲ್ಲಿ ಕೂತು ಎಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಮೇಲ್ ನೋಡುವುದು. ಥಾಣೆಯಲ್ಲಿ ಇಳಿದು ಐರೋಲಿಗೆ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯುವ ಹೊತ್ತಿಗೆ ಅರ್ಧ ದಿನದ ಸಿಟ್ಟು ಖರ್ಚಾಗಿರುತ್ತಿತ್ತು.

ಬೆಳಿಗ್ಗೆ ಐದೂವರೆಗೆ ಫೋನಿಗೆ ಇನ್ನೊಂದು ಸಂದೇಶವೂ ಬರುತ್ತಿತ್ತು. ಮಂಗಳೂರಿನಿಂದ ಅಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುವ ದಿನದ ವಾಕ್ಯ. ಆ ಗುಂಪನ್ನು ನಾನು ಮ್ಯೂಟ್ ಮಾಡಿ ಇಟ್ಟಿದ್ದೆ.

ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಕುಟುಂಬ. ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ. ಬಾಸೆಲ್‌ನಿಂದ ಬಂದ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಅದು ಕೈ ಬದಲಾಯಿಸಿ ಕಾಮನ್‌ವೆಲ್ತ್ ಆದ ಮೇಲೆ ನಮ್ಮಜ್ಜ ಅಲ್ಲಿ ದುಡಿದರು. ಬೆಳಿಗ್ಗೆ ಎದ್ದು ವಾಕ್ಯ ಓದದೆ ಗಂಜಿಗೆ ಕೂತವರಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಆ ಅಭ್ಯಾಸ ಬಂತು. ಅಮ್ಮ ಅದನ್ನು ವಾಟ್ಸಾಪಿಗೆ ಹಾಕಿದರು.

ಇದರ ಬೇರು ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ ಇರಬೇಕೆಂದು ನನ್ನ ಅಂದಾಜು. 1728ರಲ್ಲಿ ಅಲ್ಲಿ ಜಿನ್ಸೆಂಡಾರ್ಫ್ ಎಂಬ ಜಮೀನುದಾರ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟ. ಬೆಳಗಾಗುತ್ತಲೇ ಕೆಲವರು ಅದನ್ನು ಹೊತ್ತು ಮನೆಮನೆಯ ಬಾಗಿಲು ತಟ್ಟಿ ಹೇಳಿ ಬರುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತಿದೆ, ಈಗಲೂ ವರ್ಷಕ್ಕೊಂದು. ಬಾಗಿಲು ತಟ್ಟಿದವರಿಗೆ ವಾಕ್ಯ ಮುಟ್ಟಿಸುವುದಷ್ಟೇ ಅಲ್ಲ, ಒಳಗಿರುವವರು ಹೇಗಿದ್ದಾರೆ ಎಂಬುದೂ ತಿಳಿಯುತ್ತಿದ್ದಿರಬೇಕು. ನನಗೆ ಇದು ಹೊಳೆದದ್ದು ಬಹಳ ತಡವಾಗಿ.

ಎರಡು ವರ್ಷದ ಹಿಂದೆ ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಎಚ್‌ಬಿಎ1ಸಿ 8.4 ಬಂತು. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ನಾನು ಡಾಕ್ಟರರ ಬಳಿ ವಾದಕ್ಕೇ ನಿಂತೆ, ಹಿಂದಿನ ವಾರ ರಿಲೀಸ್ ಇತ್ತು, ನಿದ್ದೆ ಇರಲಿಲ್ಲ, ಪಿಜ್ಜಾ ತಿಂದಿದ್ದೆ ಅಂತ. ಅವರು ನಕ್ಕರು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ; ಅಷ್ಟೂ ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ ಇದು, ಒಂದು ವಾರದ್ದಲ್ಲ ಎಂದರು. ಹಿಂದಿನ ರಾತ್ರಿ ಉಪವಾಸ ಮಾಡಿ ಮೋಸ ಮಾಡಲಾಗದ ಪರೀಕ್ಷೆ. ಎಂಟೆಕ್ ಓದುವಾಗಲೂ ಹಿಂದಿನ ರಾತ್ರಿಯ ಓದಿನಲ್ಲೇ ಪಾಸಾದವನಿಗೆ ಇದೊಂದು ಹೊಸ ಅನುಭವ.

ಪ್ರಾಜೆಕ್ಟ್ ಮ್ಯಾನೇಜರ್ ಏನು ಮಾಡುತ್ತಾನೆ? ಎಕ್ಸೆಲ್ ಶೀಟ್ ತೆರೆಯುತ್ತಾನೆ. ಐದಕ್ಕೆ ಏಳುವುದು, ಭಾಗಶಾಳಾ ಮೈದಾನದಲ್ಲಿ ಆರು ಸುತ್ತು, ರಾತ್ರಿ ಅನ್ನ ಬಂದ್, ಹತ್ತು ಸಾವಿರ ಹೆಜ್ಜೆ. ಆದದ್ದಕ್ಕೆ ಹಸಿರು, ಆಗದ್ದಕ್ಕೆ ಕೆಂಪು. ಹತ್ತೊಂಬತ್ತು ದಿನ ಹಸಿರೇ ಹಸಿರು. ಮಗಳು ಐಸ್‌ಕ್ರೀಂ ತಿಂದರೂ ಉಪನ್ಯಾಸ ಕೊಡುತ್ತಿದ್ದೆ. ಇಪ್ಪತ್ತನೇ ದಿನ ಕ್ಲೈಂಟಿನ ಕಡೆ ಸರ್ವರ್ ಬಿತ್ತು, ಮೂರು ರಾತ್ರಿ ಜಾಗರಣೆ, ಜೊತೆಗೆ ವಡಾಪಾವ್. ಸಾಲಾಗಿ ಮೂರು ಕೆಂಪು ಕಂಡ ಮೇಲೆ ಆ ಶೀಟನ್ನು ತೆರೆಯಲೇ ಇಲ್ಲ. ನನ್ನನ್ನು ನಾನೇ ಎಸ್ಕಲೇಟ್ ಮಾಡಿಕೊಂಡು ನಾನೇ ಕೈಚೆಲ್ಲಿದೆ.

ಆ ಜುಲೈಯ ಒಂದು ಸೋಮವಾರ ಮಧ್ಯಾಹ್ನ ಉಡುಪಿಯ ಅತ್ತೆ ಮಗಳು ಫೋನ್ ಮಾಡಿದಳು. “ಇವತ್ತು ಮಾಮಿಯ ವಾಕ್ಯ ಬರ್ಲಿಲ್ಲ. ಫೋನೂ ಸ್ವಿಚ್ ಆಫ್. ನಿಂಗೆ ಏನಾದ್ರೂ ಗೊತ್ತುಂಟಾ?” ನನಗೆ ಏನೂ ಗೊತ್ತಿರಲಿಲ್ಲ. ಉಡುಪಿ, ಹುಬ್ಬಳ್ಳಿ, ದುಬೈಯಲ್ಲಿದ್ದವರೆಲ್ಲ ಏಳು ಗಂಟೆಗೇ ಗಮನಿಸಿದ್ದರು. ಮಗನಿಗೆ ತಿಳಿದದ್ದು ಹನ್ನೆರಡೂವರೆಗೆ. ನೆರೆಮನೆಯ ಹುಡುಗ ಹೋಗಿ ನೋಡಿ ತನ್ನ ಫೋನ್ ಕೊಡುವವರೆಗಿನ ಇಪ್ಪತ್ತು ನಿಮಿಷ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ.

“ರಾತ್ರಿಯಿಂದ ಕರೆಂಟಿಲ್ಲ ಮಾರಾಯ, ಚಾರ್ಜ್ ಮುಗಿದಿತ್ತು,” ಅಂದರು ಅಮ್ಮ. (ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.) “ವಾಕ್ಯ ಓದಿದೆ. ಕಳಿಸ್ಲಿಕ್ಕೆ ಆಗ್ಲಿಲ್ಲ, ಅಷ್ಟೇ. ನಿನ್ನ ಸಕ್ಕರೆ ಎಷ್ಟುಂಟು?”

ಸಕ್ಕರೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಇವಳು ಹೇಳಿದ್ದಳು.

ಅವತ್ತು ವಾಪಸು ಬರುವಾಗ ಆ ಗುಂಪು ತೆರೆದೆ. ನಾನ್ನೂರು ಚಿಲ್ಲರೆ ಸಂದೇಶ. ಮೇಲಕ್ಕೆ ಸರಿಸುತ್ತಾ ಹೋದಾಗ ನನ್ನ ಮೂರು ರಾತ್ರಿಯ ಜಾಗರಣೆ ಮುಗಿದ ಬೆಳಿಗ್ಗೆ ಬಂದ ವಾಕ್ಯ ಸಿಕ್ಕಿತು, ಒಂದನೆಯ ಅರಸುಗಳು, ಹತ್ತೊಂಬತ್ತನೇ ಅಧ್ಯಾಯ. ಪ್ರವಾದಿ ಎಲೀಯನ ಕಥೆ. ದೊಡ್ಡದೊಂದು ಗೆಲುವಿನ ಬೆನ್ನಿಗೇ ರಾಣಿಯ ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ, ಗಿಡದ ಕೆಳಗೆ ಕೂತು ಇನ್ನು ಸಾಕು, ಪ್ರಾಣ ತೆಗೆದುಕೋ ಅನ್ನುತ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಆದರೆ ಮುಂದಿನದನ್ನು ನಾನು ಗಮನಿಸಿರಲಿಲ್ಲ. ದೇವದೂತ ಬಂದು ಉಪದೇಶ ಮಾಡುವುದಿಲ್ಲ, ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಹಾಗೆಯೇ. ದೇವರು ಮಾತಿಗೆ ಶುರುಮಾಡುವುದು ಅವನು ಎರಡು ಸಲ ಉಂಡು, ಎರಡು ನಿದ್ದೆ ತೆಗೆದು, ಅಷ್ಟು ದೂರ ನಡೆದ ಮೇಲೆ. ಊಟ, ನಿದ್ದೆ, ನಡಿಗೆ. ನನ್ನ ಡಾಕ್ಟರರ ಚೀಟಿಯಲ್ಲೂ ಅದೇ ಮೂರು ಇದ್ದವು. ನಾನು ಅದನ್ನು ಶಿಕ್ಷೆ ಅಂದುಕೊಂಡಿದ್ದೆ.

ಸಿಗ್ನಲ್ ಇಲ್ಲದ ಜಾಗದಲ್ಲಿ ಗಾಡಿ ನಿಂತಿತ್ತು ಎಂದು ನೆಪ ಹೇಳಬಹುದು. ನಿಜ ಏನೆಂದರೆ ಕಣ್ಣೀರು ಬಂತು. ಎದುರಿನ ಸೀಟಿನ ಅಜೋಬಾ ಕರವಸ್ತ್ರ ಕೊಡಲಿಕ್ಕೆ ಬಂದರು.

ಗುಂಪನ್ನು ಅನ್‌ಮ್ಯೂಟ್ ಮಾಡಿ ಮರುದಿನ “ಆಮೆನ್” ಹಾಕಿದೆ. ಅಮ್ಮ ಪ್ರತ್ಯೇಕವಾಗಿ ಬರೆದರು: ಬರೀ ಆಮೆನ್ ಬೇಡ, ನಿನ್ನೆಯ ಒಂದು ಉಪಕಾರ ಬರೆ. ಉಪಕಾರಸ್ತುತಿ ಅನ್ನುವುದು ನಮ್ಮ ಸಭೆಯಲ್ಲಿ ದಿನಾ ಕೇಳುವ ಶಬ್ದ, ಬೆಳೆ ಹಬ್ಬದಂದಂತೂ ಹತ್ತು ಸಲ. ಆದರೆ ನಿನ್ನೆ ಎಂಬ ಒಂದೇ ದಿನದಿಂದ ಒಂದನ್ನು ಹೆಕ್ಕುವುದು ಸುಲಭವಲ್ಲ. ಮೊದಲ ವಾರ ಆರೋಗ್ಯ, ಕೆಲಸ, ಕುಟುಂಬ ಎಂದೆಲ್ಲ ಬರೆದೆ. ಅಮ್ಮ ಒಪ್ಪಲಿಲ್ಲ, ಅದು ಎಲ್ಲರದ್ದು, ನಿನ್ನದು ಬರೆ ಅಂದರು. ಆಮೇಲೆ ಒಂದೊಂದಾಗಿ ಸಿಗತೊಡಗಿತು. ಹಾಗಲಕಾಯಿಗೆ ಇವಳು ಹಾಕಿದ ಹುಣಸೆಹಣ್ಣು. ಥಾಣೆ ಸೇತುವೆ ಮೇಲೆ ನೂಕದೆ ದಾರಿ ಬಿಟ್ಟವನು. ಟೀಮಿನ ಹೊಸ ಹುಡುಗಿ ನನಗೆ ಫೋನ್ ಮಾಡದೆ ರಾತ್ರಿಯೇ ಬಗ್ ಸರಿಪಡಿಸಿದ್ದು. ಮೈದಾನದಲ್ಲಿ ಮಗಳು ತಾನಾಗಿ ಜೊತೆಗೆ ಬಂದ ಎರಡು ಸುತ್ತು.

ಇದನ್ನು ಓದಿ ಯಾರೂ ತಪ್ಪು ತಿಳಿಯಬಾರದು. ಮಾತ್ರೆ ಬಿಟ್ಟಿಲ್ಲ, ಮೆಟ್‌ಫಾರ್ಮಿನ್ ದಿನಕ್ಕೆರಡು. ಪ್ರಾರ್ಥನೆ ಮಾಡಿದರೆ ಔಷಧ ಬೇಡ ಅನ್ನುವ ಭಾಷಣಕಾರರ ವಿಡಿಯೋ ಆ ಗುಂಪಿಗೂ ಬರುತ್ತದೆ. ಅಮ್ಮನೇ ಅಳಿಸಲು ಹೇಳುತ್ತಾರೆ. ಕಳೆದ ಸಲ 7.1 ಬಂತು, ಅದರ ಹಿಂದಿನ ಸಲ 6.9 ಇತ್ತು. ಅಂದರೆ ಸ್ವಲ್ಪ ಜಾರಿದ್ದೇನೆ. ಕ್ರಿಸ್ಮಸ್‌ನ ಕುಸ್ವಾರ್ ಡಬ್ಬಿ ಊರಿಂದ ಬಂದಿತ್ತು, ಕಲ್‌ಕಲ್ ಎದುರು ನಾನು ದುರ್ಬಲ. ಆದರೆ ಜಾರಿದ ದಿನಕ್ಕೂ ಮರುದಿನ ಐದೂವರೆ ಆಗುತ್ತದೆ, ಶೀಟಿನಲ್ಲಿ ಕೆಂಪು ಬಿದ್ದ ಹಾಗೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮರಳುಗಾಡಿನಲ್ಲಿ ಮನ್ನವನ್ನು ಹೆಚ್ಚಿಗೆ ಕೂಡಿಟ್ಟವರದ್ದು ಹುಳ ಹಿಡಿಯಿತಂತೆ, ಅವತ್ತಿನದ್ದು ಅವತ್ತಿಗೆ.

ಈಗ ಕಲ್ಯಾಣ್‌ವರೆಗೆ ಹೋಗಿ ಬರುವ ಆ ಇಪ್ಪತ್ತು ನಿಮಿಷ ಮೇಲ್ ತೆರೆಯುವುದಿಲ್ಲ. ಪಕ್ಕದ ಡಬ್ಬಿಯಲ್ಲಿ ಭಜನೆ ಮಂಡಳಿಯವರ ತಾಳ ಕೇಳುತ್ತಿರುತ್ತದೆ, ಅವರ ಶಿಸ್ತು ನನಗಿಂತ ಹಳೆಯದು. ನಾನು ಅಮ್ಮನ ವಾಕ್ಯದ ಅಧ್ಯಾಯ ಪೂರ್ತಿ ಓದಿ, ನಿನ್ನೆಯದನ್ನು ನೆನಪು ಮಾಡಿಕೊಂಡು ಉತ್ತರ ಬರೆಯುತ್ತೇನೆ. ಇವತ್ತು ಸೋಮಾರಿತನದಿಂದ “ಕಿಟಕಿ ಬದಿಯ ಸೀಟು” ಎಂದಷ್ಟೇ ಬರೆದು ಕಳಿಸಿದೆ. ಗಾಡಿ ಡೊಂಬಿವಲಿ ದಾಟುವಷ್ಟರಲ್ಲಿ ಉತ್ತರ ಬಂತು.

“ಇದು ಮಾರ್ಚಿನಲ್ಲಿ ಬರೆದಾಗಿದೆ. ಬೇರೆ ಬರೆ.”