ಮೆಷೀನ್ ಹೋಯ್ತು, ನಂಬಿಕೆ?
2014ರಲ್ಲಿ ನಮೀಬಿಯಾದ ಜನ ಓಟು ಒತ್ತಿದ್ದು ಎಲ್ಲಿನ ಮೆಷೀನ್‌ನಲ್ಲಿ ಗೊತ್ತಾ? ನಮ್ಮ ಬೆಂಗಳೂರಿನ ಬಿಇಎಲ್ ಮಾಡಿದ ಇವಿಎಂನಲ್ಲಿ! ಆಫ್ರಿಕಾದಲ್ಲೇ ಅದು ಮೊದಲು. ಓದಿ ನಂಗೆ ಹೆಮ್ಮೆಯಾಯ್ತು.

ಆದ್ರೆ ಕಥೆ ಅಲ್ಲಿಗೇ ಮುಗಿಯಲ್ಲ. ಓಟು ಯಾರಿಗೆ ಬಿತ್ತು ಅಂತ ತೋರಿಸೋ ಕಾಗದದ ಚೀಟಿ ಆ ಮೆಷೀನ್‌ಗಳಲ್ಲಿ ಇರಲಿಲ್ಲ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಚೀಟಿಯಿಲ್ಲದ ಇವಿಎಂ ಬಳಕೆ ಸಂವಿಧಾನಬಾಹಿರ ಎಂದಿತು. ಅದೇ ವರ್ಷದ ಸ್ಥಳೀಯ ಚುನಾವಣೆಗೆ ಮತಪತ್ರ ವಾಪಸ್ ಬಂತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2013ರಲ್ಲೇ, ಹಂತ ಹಂತವಾಗಿ ಚೀಟಿ ತನ್ನಿ ಎಂದಿತ್ತು.

ದೇಶದಿಂದ ದೇಶಕ್ಕೆ ಮೆಷೀನ್ ಕಳಿಸಬಹುದು, ನಂಬಿಕೆಯನ್ನ ಪಾರ್ಸೆಲ್ ಮಾಡೋಕಾಗಲ್ಲ. ಅದನ್ನ ಮತದಾರರೇ ಕೇಳಿ ಪಡೀಬೇಕು.

ನನ್ನ ಮೊದಲ ಓಟಿನ ದಿನ, ಗಾಜಿನ ಹಿಂದೆ ಚೀಟಿ ಕಾಣೋ ಆ 7 ಸೆಕೆಂಡ್ ನಿಂತು ನೋಡ್ತೀನಿ. ನೀವೂ ಗುಂಡಿ ಒತ್ತಿ ಓಡಿಬರಬೇಡಿ.