ಮಾತಿನ ವೃತ್ತಿ, ಮಾತಿನ ಹೊಣೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ತನಗಾಗಿ ತಾನು ಆಡುವ ಮಾತಿನಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ಮತ್ತೊಬ್ಬರ ಪರವಾಗಿ, ವೇತನ ಪಡೆದು, ಲಕ್ಷಾಂತರ ಜನರ ಕಿವಿಗೆ ಬೀಳುವಂತೆ ಆಡುವ ಮಾತಿನಲ್ಲಿ ಎಷ್ಟು ಎಚ್ಚರ ಬೇಕು? ಈ ಪ್ರಶ್ನೆ ಕೇವಲ ತಾತ್ವಿಕವಾದುದಲ್ಲ. ವ್ಯಾಪಾರಿ ಮನೆತನಗಳ ವಿದ್ಯಾವಂತ ಮಕ್ಕಳು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಬೇರೆ ಬೇರೆ ಉದ್ಯೋಗಗಳನ್ನು ಅರಸುತ್ತಿರುವ ಈ ಕಾಲದಲ್ಲಿ, ಸಾರ್ವಜನಿಕ ಸಂಪರ್ಕವೂ ಒಂದು ಗೌರವಾನ್ವಿತ ವೃತ್ತಿಯಾಗಿ ಅವರ ಮುಂದೆ ನಿಂತಿದೆ. ಅದನ್ನು ಆಯ್ದುಕೊಳ್ಳುವ ಮುನ್ನ ಅದರ ಚರಿತ್ರೆಯನ್ನು ಅರಿತುಕೊಳ್ಳುವುದು ಹಿತಕರ.

ಸಾರ್ವಜನಿಕ ಸಂಪರ್ಕವೆಂದರೆ ಜಾಹೀರಾತು ಅಲ್ಲ. ಜಾಹೀರಾತುದಾರನು ಪತ್ರಿಕೆಯ ಜಾಗವನ್ನು ಹಣ ಕೊಟ್ಟು ಕೊಳ್ಳುತ್ತಾನೆ. ಓದುಗನಿಗೆ ಅದು ಮಾರುವವನ ಮಾತೆಂದು ತಿಳಿದಿರುತ್ತದೆ. ಸಂಪರ್ಕಾಧಿಕಾರಿಯು ಜಾಗವನ್ನು ಕೊಳ್ಳುವುದಿಲ್ಲ, ನಂಬಿಕೆಯನ್ನು ಬೇಡುತ್ತಾನೆ. ಪತ್ರಿಕಾ ಪ್ರಕಟಣೆಯನ್ನು ಬರೆಯುವುದು, ವರದಿಗಾರರ ಪ್ರಶ್ನೆಗಳಿಗೆ ಉತ್ತರಿಸುವುದು, ನೌಕರರಿಗೂ ಷೇರುದಾರರಿಗೂ ಸಂಸ್ಥೆಯ ಸ್ಥಿತಿಗತಿಯನ್ನು ತಿಳಿಸುವುದು, ಅವಘಡ ಸಂಭವಿಸಿದಾಗ ಮುಂದೆ ನಿಂತು ಮಾತನಾಡುವುದು ಇವೇ ಮೊದಲಾದವು ಅವನ ಕೆಲಸಗಳು. ಅವನ ಮಾತು ಪತ್ರಿಕೆಯಲ್ಲಿ ಸುದ್ದಿಯ ರೂಪದಲ್ಲಿ ಬರುವುದರಿಂದ ಓದುಗನು ಅದನ್ನು ಸುದ್ದಿಯೆಂದೇ ಸ್ವೀಕರಿಸುತ್ತಾನೆ. ವೃತ್ತಿಯ ಶಕ್ತಿಯೂ ಅಪಾಯವೂ ಇರುವುದು ಇಲ್ಲಿಯೇ.

ಈ ವೃತ್ತಿಯ ಆದಿಪುರುಷರಲ್ಲಿ ಒಬ್ಬನೆಂದು ಹೆಸರಾದವನು ಅಮೆರಿಕದ ಐವಿ ಲೀ. 1877ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ, ಮೆಥಡಿಸ್ಟ್ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಈತ ಪ್ರಿನ್ಸ್‌ಟನ್‌ನಲ್ಲಿ ಓದಿ, ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರನಾಗಿ ದುಡಿದವನು. ಆ ಕಾಲದ ದೊಡ್ಡ ಉದ್ಯಮಿಗಳು ಪತ್ರಿಕೆಯವರನ್ನು ಬಾಗಿಲಲ್ಲಿಯೇ ತಡೆಯುತ್ತಿದ್ದರು. 1902ರ ಕಲ್ಲಿದ್ದಲು ಮುಷ್ಕರದಲ್ಲಿ ಕಾರ್ಮಿಕ ಸಂಘದ ನಾಯಕರು ವರದಿಗಾರರಿಗೆ ಎಲ್ಲವನ್ನೂ ವಿವರಿಸಿದರೆ, ಗಣಿಯ ಒಡೆಯರು ಬಾಯಿ ಬಿಡಲಿಲ್ಲ. ಜನಾಭಿಪ್ರಾಯ ಸಹಜವಾಗಿಯೇ ಕಾರ್ಮಿಕರ ಕಡೆ ವಾಲಿತು. 1906ರಲ್ಲಿ ಮತ್ತೆ ಬಿಕ್ಕಟ್ಟು ತಲೆದೋರಿದಾಗ ಒಡೆಯರು ಲೀಯನ್ನು ನೇಮಿಸಿಕೊಂಡರು. ಆತನು ಪತ್ರಿಕೆಗಳಿಗೆ ಕಳುಹಿಸಿದ ತತ್ತ್ವಘೋಷಣೆ ಇಂದಿಗೂ ಈ ವೃತ್ತಿಯ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ತಮ್ಮದು ಗುಪ್ತ ಕಚೇರಿಯಲ್ಲ, ಕೆಲಸವೆಲ್ಲವೂ ಬಹಿರಂಗ, ಒದಗಿಸುವ ಮಾಹಿತಿ ನಿಖರ, ಯಾವ ಸಂಪಾದಕನು ಬೇಕಾದರೂ ಅದನ್ನು ಪರೀಕ್ಷಿಸಿ ನೋಡಬಹುದು ಎಂಬುದು ಅದರ ಸಾರಾಂಶ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ 50ಕ್ಕೂ ಹೆಚ್ಚು ಪ್ರಯಾಣಿಕರು ಅಸುನೀಗಿದರು. ರೈಲ್ವೆ ಸಂಸ್ಥೆಯ ಪರವಾಗಿ ಲೀ ಹೊರಡಿಸಿದ ಹೇಳಿಕೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಕ್ಷರಶಃ ಮುದ್ರಿಸಿತು. ಅದನ್ನೇ ಜಗತ್ತಿನ ಮೊದಲ ಪತ್ರಿಕಾ ಪ್ರಕಟಣೆಯೆಂದು ಹಲವರು ಗಣಿಸುತ್ತಾರೆ. ದುರಂತವನ್ನು ಮುಚ್ಚಿಡುವುದಕ್ಕಿಂತ ತಿಳಿಸುವುದೇ ಸಂಸ್ಥೆಗೆ ಕ್ಷೇಮವೆಂಬ ಪಾಠ ಅಲ್ಲಿಂದ ಮೊದಲಾಯಿತು.

ಆದರೆ ತತ್ತ್ವವನ್ನು ಬರೆಯುವುದು ಬೇರೆ, ಬಾಳುವುದು ಬೇರೆ. 1914ರ ಏಪ್ರಿಲ್ 20ರಂದು ಕೊಲರಾಡೋ ರಾಜ್ಯದ ಲಡ್ಲೋ ಎಂಬಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಗುಡಾರಗಳ ಮೇಲೆ ರಾಜ್ಯದ ಸೈನಿಕರೂ ಗಣಿಯ ಕಾವಲುಗಾರರೂ ಗುಂಡು ಹಾರಿಸಿದರು. ಗುಡಾರಗಳಿಗೆ ಬೆಂಕಿ ಬಿತ್ತು. ಗುಡಾರವೊಂದರ ಕೆಳಗೆ ತೋಡಿದ್ದ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳೂ ಇಬ್ಬರು ತಾಯಂದಿರೂ ಉಸಿರುಗಟ್ಟಿ ಸತ್ತರು. ಗಣಿಯಲ್ಲಿ ರಾಕ್‌ಫೆಲ್ಲರ್ ಮನೆತನದ ಬಂಡವಾಳವಿತ್ತು. ಜನರ ಆಕ್ರೋಶವನ್ನು ತಣಿಸಲು ಕರೆಸಿಕೊಂಡದ್ದು ಐವಿ ಲೀಯನ್ನೇ.

ಆತನು ಸಿದ್ಧಪಡಿಸಿದ ಕರಪತ್ರಗಳು ದೇಶದ ಗಣ್ಯರಿಗೆಲ್ಲ ಅಂಚೆಯಲ್ಲಿ ತಲುಪಿದವು. ಬರೆದವನು ಪೂರ್ವತೀರದಲ್ಲಿದ್ದ ಲೀ. ಅವು ಹೊರಟದ್ದು ಮಾತ್ರ ಡೆನ್ವರ್‌ನಿಂದ, ಗಣಿ ಒಡೆಯರ ಸಮಿತಿಯ ಹೆಸರಿನಲ್ಲಿ. ಕಾರ್ಮಿಕ ನಾಯಕರು ಇಡೀ ವರ್ಷಕ್ಕೆ ಪಡೆದ ಸಂಬಳವನ್ನು ಕೇವಲ ಒಂಬತ್ತು ವಾರಗಳ ಗಳಿಕೆಯೆಂದು ಒಂದು ಕರಪತ್ರ ತೋರಿಸಿತ್ತು. ಮುಂದೆ ವಿಚಾರಣಾ ಆಯೋಗದ ಎದುರು ನಿಂತಾಗ, ಕಂಪನಿ ಕೊಟ್ಟ ಸಂಗತಿಗಳ ಸತ್ಯಾಸತ್ಯತೆಯನ್ನು ತಾನು ಪರಿಶೀಲಿಸಿರಲಿಲ್ಲವೆಂದು ಆತನು ಒಪ್ಪಿಕೊಳ್ಳಬೇಕಾಯಿತು. ಬಹಿರಂಗವೆಂಬ ಮಾತು ಹೋಯಿತು, ನಿಖರವೆಂಬ ಮಾತೂ ಹೋಯಿತು. ಎಂಟು ವರ್ಷಗಳ ಹಿಂದೆ ತಾನೇ ಬರೆದ ಘೋಷಣೆಯ ಎರಡು ಕಂಬಗಳೂ ಒಟ್ಟಿಗೆ ಮುರಿದವು. ಲೇಖಕ ಅಪ್ಟನ್ ಸಿಂಕ್ಲೇರ್ ಆತನಿಗೆ ಮೈ ಸೋಕಿದರೆ ಬೊಬ್ಬೆ ಏಳಿಸುವ ವಿಷಬಳ್ಳಿಯ ಹೆಸರನ್ನಿಟ್ಟ; ‘ಪಾಯಿಸನ್ ಐವಿ’ ಎಂಬ ಆ ಹೆಸರು ಕೊನೆಯವರೆಗೂ ಅಂಟಿಕೊಂಡಿತು. 1934ರಲ್ಲಿ ಲೀ ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ಜರ್ಮನಿಯ ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಉದ್ಯಮಕ್ಕೆ ನೀಡುತ್ತಿದ್ದ ಸಲಹೆಯ ಬಗೆಗೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಉತ್ತರ ಹೇಳಬೇಕಾಗಿ ಬಂದಿತ್ತು.

ಗಮನಿಸಬೇಕಾದ ಅಂಶವೆಂದರೆ, ಲೀಗೆ ಸತ್ಯದ ಬೆಲೆ ತಿಳಿಯದೆ ಇರಲಿಲ್ಲ. ತಿಳಿದವನೂ ಜಾರಿದ್ದು ಹೇಗೆ? ಯಜಮಾನನು ಕೊಟ್ಟ ಲೆಕ್ಕವನ್ನು ಪರಿಶೀಲಿಸದೆ ಸಹಿ ಮಾಡುವ ಲೆಕ್ಕಪರಿಶೋಧಕನಂತೆ, ಆತನು ಕೈಗೆ ಬಂದುದನ್ನು ಮುಂದಕ್ಕೆ ಸಾಗಿಸಿದ. ಸುಳ್ಳನ್ನು ಹುಟ್ಟಿಸುವವನೊಬ್ಬ, ಹೊತ್ತು ತಿರುಗುವವನೊಬ್ಬ. ಕೇಳಿದವನಿಗೆ ಆಗುವ ಹಾನಿ ಒಂದೇ.

ಇದಕ್ಕಿಂತಲೂ ಘೋರವಾದ ಉದಾಹರಣೆ ತಂಬಾಕು ಉದ್ಯಮದ್ದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯರು ಎತ್ತಿ ತೋರಿಸತೊಡಗಿದಾಗ, 1953ರ ಡಿಸೆಂಬರ್‌ನಲ್ಲಿ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿ, ಹಿಲ್ ಅಂಡ್ ನೋಲ್ಟನ್ ಎಂಬ ಹೆಸರಾಂತ ಸಂಪರ್ಕ ಸಂಸ್ಥೆಯ ನೆರವು ಪಡೆದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಹೇಳಿಕೆ ಪ್ರಕಟವಾಯಿತು. ಜನರ ಆರೋಗ್ಯವೇ ತಮಗೆ ಮುಖ್ಯ, ಸಂಶೋಧನೆಗೆ ಹಣ ಕೊಡುತ್ತೇವೆ, ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಎಂಬ ಧಾಟಿ ಅದರದು. ಬಿಡಿಬಿಡಿಯಾಗಿ ನೋಡಿದರೆ ವಾಕ್ಯಗಳು ಸೌಮ್ಯ. ಒಟ್ಟು ಉದ್ದೇಶ ಮಾತ್ರ ಸಂದೇಹವನ್ನು ಜೀವಂತವಾಗಿಡುವುದು. 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಅವರು, ಈ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪಿತ್ತರು. ಸುಳ್ಳನ್ನು ನೇರವಾಗಿ ಹೇಳದೆಯೂ ಸುಳ್ಳಿನ ಕೆಲಸವನ್ನು ಮಾಡಿಸಬಹುದೆಂಬುದಕ್ಕೆ ಇದು ಸಾಕ್ಷಿ. ಅದರ ಬೆಲೆಯನ್ನು ತೆತ್ತವರು ಹೇಳಿಕೆಯನ್ನು ನಂಬಿ ಸೇದುತ್ತ ಹೋದ ಜನಸಾಮಾನ್ಯರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅಪರಾಧಿಗೂ ವಕೀಲನಿರುವಾಗ, ಉದ್ಯಮಿಗೆ ತನ್ನ ಪಕ್ಷವನ್ನು ಹೇಳುವವನಿರಬಾರದೇ ಎಂದು ಕೇಳಬಹುದು. ಇರಬೇಕು, ಖಂಡಿತ ಇರಬೇಕು. ಆದರೆ ನ್ಯಾಯಾಲಯದಲ್ಲಿ ಎದುರು ವಕೀಲನಿದ್ದಾನೆ, ಸಾಕ್ಷಿಗೆ ಪ್ರಮಾಣವಚನವಿದೆ, ಎರಡು ಪಕ್ಷಗಳನ್ನೂ ಆಲಿಸುವ ನ್ಯಾಯಾಧೀಶನಿದ್ದಾನೆ. ಪತ್ರಿಕೆಯ ಅಂಕಣದಲ್ಲಾಗಲಿ, ಇಂದು ಕೈಯಲ್ಲಿ ಹಿಡಿದಿರುವ ಮೊಬೈಲಿನ ಪರದೆಯಲ್ಲಾಗಲಿ ಇವರಾರೂ ಇಲ್ಲ. ತಡೆಯುವವರಿಲ್ಲದ ಕಡೆ ಮಾತನಾಡುವವನು ತನಗೆ ತಾನೇ ತಡೆಯಾಗಬೇಕಾಗುತ್ತದೆ.

ಕಾನೂನಿನ ಆಸರೆಯೂ ಇಲ್ಲಿ ತೆಳುವು. ಭಾರತದಲ್ಲಿ ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯಿದೆ, ವಕೀಲರಿಗೆ 1961ರ ಕಾಯ್ದೆಯಿದೆ. ತಪ್ಪಿ ನಡೆದವನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಸಂಪರ್ಕಾಧಿಕಾರಿಗೆ ಅಂಥ ಪಟ್ಟಿಯೇ ಇಲ್ಲ. 1958ರಲ್ಲಿ ಸ್ಥಾಪಿತವಾದ ಭಾರತೀಯ ಸಾರ್ವಜನಿಕ ಸಂಪರ್ಕ ಸೊಸೈಟಿಯು 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ನಡೆದ ಅಖಿಲ ಭಾರತ ಸಮ್ಮೇಳನದಲ್ಲಿ ವೃತ್ತಿಯ ನೀತಿಸಂಹಿತೆಯನ್ನು ಅಂಗೀಕರಿಸಿತು. ಆ ದಿನವನ್ನೇ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸಲಾಗುತ್ತಿದೆ. 1965ರಲ್ಲಿ ಅಥೆನ್ಸ್‌ನಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಸಂಹಿತೆಯು ಸತ್ಯವನ್ನು ಬೇರಾವ ಅಗತ್ಯಕ್ಕೂ ಅಧೀನಗೊಳಿಸಬಾರದೆಂದು ವಿಧಿಸುತ್ತದೆ. ಸಂಹಿತೆಗಳು ಉತ್ತಮವಾಗಿವೆ. ಅವುಗಳಿಗೆ ಜೀವ ತುಂಬುವುದು ಮಾತ್ರ ಆಚರಿಸುವವನ ಮನಸ್ಸಾಕ್ಷಿ.

ಹಾಗಾದರೆ ಈ ವೃತ್ತಿಯಲ್ಲಿ ಸತ್ಯದಿಂದ ಬಾಳಲು ಸಾಧ್ಯವೇ? ಸಾಧ್ಯವೆಂಬುದಕ್ಕೆ 1982ರ ಒಂದು ಪ್ರಸಂಗ ನಿದರ್ಶನ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಯನ್ನು ನುಂಗಿದ ಏಳು ಮಂದಿ ಸತ್ತರು. ಅಂಗಡಿಗಳಲ್ಲಿದ್ದ ಸೀಸೆಗಳಲ್ಲಿ ಯಾರೋ ಸಯನೈಡ್ ವಿಷ ಬೆರೆಸಿದ್ದರು. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯದು ತಪ್ಪಲ್ಲ. ಆದರೂ ಅದು ದೇಶದಾದ್ಯಂತ ಜನರನ್ನು ಎಚ್ಚರಿಸಿ, ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ತರಿಸಿಕೊಂಡಿತು. ತಗುಲಿದ ವೆಚ್ಚ 10 ಕೋಟಿ ಡಾಲರುಗಳಷ್ಟು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆ ದೊಡ್ಡ ಮೊತ್ತದ ಮುಂದೆ ನಿಂತುಬಿಡುತ್ತಾರೆ. ಅದಕ್ಕಿಂತ ಬೆಲೆಯುಳ್ಳ ಸಣ್ಣ ಸಂಗತಿಯೊಂದಿದೆ. ಕಾರ್ಖಾನೆಯಲ್ಲಿ ಸಯನೈಡ್ ಬಳಕೆಯಿದೆಯೇ ಎಂದು ವರದಿಗಾರರು ಕೇಳಿದಾಗ ಸಂಸ್ಥೆಯ ಸಂಪರ್ಕ ವಿಭಾಗವು ಮೊದಲು ಇಲ್ಲವೆಂದು ಉತ್ತರಿಸಿತು. ಆಗ ಅವರಿಗೆ ತಿಳಿದದ್ದು ಅಷ್ಟೇ. ಆಮೇಲೆ, ಪರೀಕ್ಷಾಲಯದಲ್ಲಿ ಅಲ್ಪ ಪ್ರಮಾಣದಲ್ಲಿ ಅದರ ಬಳಕೆಯಿರುವುದು ಗೊತ್ತಾಯಿತು. ವಿಷದ ಹೆಸರು ಕೇಳಿದರೇ ಜನ ನಡುಗುತ್ತಿದ್ದ ದಿನಗಳವು. ಸುಮ್ಮನಿದ್ದುಬಿಡುವ ಆಸೆ ಯಾರಿಗಾದರೂ ಬರುವಂಥದು. ಸಂಸ್ಥೆಯು ಹಿಂದಿನ ಹೇಳಿಕೆಯನ್ನು ತಾನಾಗಿಯೇ ತಿದ್ದಿ, ಸತ್ಯವನ್ನು ತಿಳಿಸಿತು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದ ಮಾರುಕಟ್ಟೆಯ ಪಾಲು ಶೇಕಡಾ ಹತ್ತಕ್ಕಿಂತ ಕೆಳಗೆ ಕುಸಿದಿದ್ದರೂ, ಸುಮಾರು ಒಂದು ವರ್ಷದೊಳಗೆ ಬಹುಮಟ್ಟಿಗೆ ಮರಳಿ ಬಂತು. ಅದೇ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಟಾಲ್ಕಂ ಪುಡಿಯ ವಿಷಯದಲ್ಲಿ ಸಾವಿರಾರು ದಾವೆಗಳನ್ನು ಎದುರಿಸಿದೆ. ಆರೋಪಗಳನ್ನು ಅದು ಅಲ್ಲಗಳೆಯುತ್ತಲೂ ಬಂದಿದೆ. ಒಮ್ಮೆ ಗಳಿಸಿದ ನಂಬಿಕೆ ಶಾಶ್ವತ ಆಸ್ತಿಯಲ್ಲ, ಪ್ರತಿ ವರ್ಷವೂ ಹೊಸದಾಗಿ ಸಂಪಾದಿಸತಕ್ಕದ್ದು ಎಂಬುದಕ್ಕೆ ಇದೂ ಪಾಠವೇ.

ವೃತ್ತಿಗೆ ಸೇರುವವನು ತನ್ನ ಸ್ಥಾನವೆಲ್ಲಿ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಆರ್ಥರ್ ಪೇಜ್ ಎಂಬ ಸಂಪಾದಕರನ್ನು 1927ರಲ್ಲಿ ಅಮೆರಿಕದ ಬೃಹತ್ ದೂರವಾಣಿ ಸಂಸ್ಥೆ ಉಪಾಧ್ಯಕ್ಷ ಪದವಿಗೆ ಆಹ್ವಾನಿಸಿತು. ಬರಿಯ ಪ್ರಚಾರದ ಕೆಲಸವಾದರೆ ತಾನು ಬರುವುದಿಲ್ಲ, ನೀತಿ ನಿರ್ಧಾರಗಳಲ್ಲಿಯೂ ತನಗೆ ಮಾತಿರಬೇಕು ಎಂಬುದು ಅವರ ನಿಲುವಾಗಿತ್ತು. ಸಂಸ್ಥೆ ಒಪ್ಪಿತು, ಅವರು ಎರಡು ದಶಕಗಳ ಕಾಲ ಅಲ್ಲಿ ದುಡಿದರು. ನಿರ್ಧಾರವಾಗುವಾಗ ಕೋಣೆಯೊಳಗೆ ಇರುವವನು ತಪ್ಪನ್ನು ತಡೆಯಬಲ್ಲ. ತಪ್ಪಾದ ಮೇಲೆ ಕರೆಸಿಕೊಳ್ಳಲ್ಪಡುವವನ ಕೈಯಲ್ಲಿ ಉಳಿಯುವುದು ಸುಣ್ಣದ ಕುಂಚ ಮಾತ್ರ.

ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಒಂದು ಸೂಕ್ಷ್ಮ ನೆನಪಿರಬಹುದು. ಗುಡ್‌ವಿಲ್ ಎಂಬ ಆಸ್ತಿಯನ್ನು, ಬೇರೊಂದು ವ್ಯವಹಾರವನ್ನು ಹಣ ತೆತ್ತು ಕೊಂಡಾಗ ಮಾತ್ರ ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಲು ಅವಕಾಶ. ವ್ಯಾಪಾರಿಯು ತಾನೇ ವರ್ಷಾನುಗಟ್ಟಲೆ ದುಡಿದು ಗಳಿಸಿದ ಸದಭಿಪ್ರಾಯಕ್ಕೆ ಲೆಕ್ಕದ ಪುಸ್ತಕದಲ್ಲಿ ಸ್ಥಾನವಿಲ್ಲ. ಪುಸ್ತಕದಲ್ಲಿಲ್ಲವೆಂದು ಅದು ಇಲ್ಲವೆಂದಲ್ಲ. 2017ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಜನಾಂಗೀಯ ವೈಮನಸ್ಯವನ್ನು ಕೆರಳಿಸುವ ಪ್ರಚಾರ ನಡೆಸಿದ ಕಾರಣಕ್ಕೆ ಬ್ರಿಟನ್ನಿನ ಬೆಲ್ ಪಾಟಿಂಜರ್ ಎಂಬ ಸಂಪರ್ಕ ಸಂಸ್ಥೆಯನ್ನು ಅಲ್ಲಿನ ವೃತ್ತಿಸಂಘ ಹೊರಹಾಕಿತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೆಲವೇ ದಿನಗಳಲ್ಲಿ ಸಂಸ್ಥೆ ದಿವಾಳಿಯ ಸ್ಥಿತಿ ತಲುಪಿತು. ಪರರ ಹೆಸರನ್ನು ಕಾಯುವ ವ್ಯವಹಾರ ತನ್ನ ಹೆಸರನ್ನು ಕಳೆದುಕೊಂಡು ಮುಳುಗಿತು.

ಆದುದರಿಂದ ಮಗನೋ ಮಗಳೋ ಈ ವೃತ್ತಿಯನ್ನು ಆಯ್ದುಕೊಂಡರೆ ಹಿರಿಯರು ಬೇಡವೆನ್ನಬೇಕಾಗಿಲ್ಲ. ಭಾಷಾಶುದ್ಧಿ, ವಿಷಯವನ್ನು ಕೂಲಂಕಷವಾಗಿ ಅರಿಯುವ ತಾಳ್ಮೆ, ಜನರ ಸಂಕಟವನ್ನು ಕೇಳುವ ಕಿವಿ ಇದ್ದವರಿಗೆ ಇದು ತಕ್ಕ ಕ್ಷೇತ್ರ. ಅವರಿಗೆ ಹೇಳಿಕೊಡಬೇಕಾದ ಮಾತುಗಳು ಕೆಲವೇ. ಸಂಸ್ಥೆಯ ಗುಟ್ಟುಗಳನ್ನೆಲ್ಲ ಬಯಲಿಗಿಡುವುದು ಸತ್ಯದ ಲಕ್ಷಣವಲ್ಲ, ಮೌನಕ್ಕೂ ನ್ಯಾಯವಾದ ಸ್ಥಾನವುಂಟು. ಆದರೆ ಆಡಿದ ಮಾತು ಸುಳ್ಳಾಗಿರಬಾರದು, ಮೌನದಿಂದ ಯಾರ ಪ್ರಾಣಕ್ಕೂ ಆರೋಗ್ಯಕ್ಕೂ ಕೇಡಾಗಬಾರದು. ಕೈಗೆ ಬಂದ ಅಂಕಿಅಂಶಗಳನ್ನು ಸ್ವತಃ ಪರೀಕ್ಷಿಸದೆ ಹೊರಗೆ ಕಳುಹಿಸಬಾರದು. ತಪ್ಪು ಹೇಳಿಕೆ ಹೊರಟುಹೋಗಿದ್ದರೆ, ಇನ್ನೊಬ್ಬರು ಕಂಡುಹಿಡಿಯುವ ಮೊದಲೇ ತಿದ್ದಬೇಕು. ಯಾರ ಪರವಾಗಿ ಮಾತನಾಡುತ್ತಿದ್ದೇನೆಂಬುದನ್ನು ಎಂದಿಗೂ ಮರೆಮಾಚಬಾರದು. ಇವುಗಳಲ್ಲಿ ಯಾವುದಕ್ಕೂ ಯಜಮಾನನು ಅವಕಾಶ ಕೊಡದಿದ್ದರೆ, ಆ ಸಂಬಳವನ್ನು ಬಿಟ್ಟು ಎದ್ದು ಬರುವಷ್ಟು ಆಸರೆ ಮನೆಯಲ್ಲಿರಬೇಕು. ಹಾಗೆ ಎದ್ದು ಬಂದವರನ್ನು ಕೈಲಾಗದವರೆಂದು ಹಂಗಿಸದೆ ಆದರದಿಂದ ಬರಮಾಡಿಕೊಳ್ಳುವುದು ಮನೆಯವರ ಕರ್ತವ್ಯ.