ಉಷ್ಣ ಅಲ್ಲ ಮಾರಾಯ್ರೆ

ಕುಂದಾಪುರದ ಕಡೆಯವರಿಗೆ ಜಗತ್ತಿನಲ್ಲಿ ಇರುವುದೇ ಎರಡು ಕಾಯಿಲೆ. ಒಂದು ಶೀತ, ಇನ್ನೊಂದು ಉಷ್ಣ. ಬಾಯಲ್ಲಿ ಹುಣ್ಣಾದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಮೂತ್ರ ಉರಿದರಂತೂ ಕೇಳುವುದೇ ಬೇಡ. ಸಂಸಾರ ಮುಂಬೈ ಕಡೆಯ ಶಹಾಡಿಗೆ ಬಂದು ಎಷ್ಟೋ ವರ್ಷವಾಯಿತು, ಉಲ್ಲಾಸ್ ನದಿಯ ನೀರು ಕುಡಿದೇ ಮಕ್ಕಳು ದೊಡ್ಡವರಾದರು, ನಮ್ಮತ್ತೆಯ ವೈದ್ಯಶಾಸ್ತ್ರ ಮಾತ್ರ ಇದ್ದಲ್ಲೇ ಇದೆ. ನನ್ನ ಬಾಯಿ ಒಣಗತೊಡಗಿದಾಗ ಅವರು ರಾತ್ರಿ ಮೆಂತೆ ನೆನೆಸಿಟ್ಟರು. ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತದೆ ಎಂದಾಗ ನೆತ್ತಿಗೆ ಹರಳೆಣ್ಣೆ ತಟ್ಟಿದರು. ಊರಿನಿಂದ ಬಂದವರೆಲ್ಲ ಒಂದೊಂದು ತಂಪನ್ನು ಹೊತ್ತು ತಂದರು: ಪುನರ್ಪುಳಿ ಸಿಪ್ಪೆ, ಕಾಮಕಸ್ತೂರಿ ಬೀಜ, ಮನೆಯ ತುಪ್ಪ. ತಂಪೇನೋ ಆಯಿತು. ಬಾಯಿ ಒದ್ದೆಯಾಗಲಿಲ್ಲ. ಪಾರ್ಲೆ-ಜಿ ಬಿಸ್ಕೆಟ್ ಬಾಯಂಗಳಕ್ಕೆ ಅಂಟಿಕೊಂಡರೆ ಬೆರಳು ಹಾಕಿ ಕೆರೆದು ತೆಗೆಯಬೇಕು, ಅಷ್ಟರ ಮಟ್ಟಿಗೆ.

ಮೂರನೆಯ ಒಂದು ಕಡೆಯೂ ಒಣಗುತ್ತಿತ್ತು. ಅದನ್ನು ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಯಾವ ಕಷಾಯ ಬರುತ್ತಿತ್ತೋ!

ಕಣ್ಣಿನ ಪರೀಕ್ಷೆ ಬಹಳ ಸರಳ. ಸಪೂರ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಯ ಒಳಗೆ ಸಿಕ್ಕಿಸಿ ಐದು ನಿಮಿಷ ಕೂರಿಸುತ್ತಾರೆ. ಕಣ್ಣೀರು ಆ ಕಾಗದದಲ್ಲಿ ಎಷ್ಟು ದೂರ ಇಳಿಯಿತು ಎಂದು ಅಳೆಯುತ್ತಾರೆ. ಐದು ಮಿಲಿಮೀಟರ್ ಕೂಡ ಇಳಿಯದಿದ್ದರೆ ಕಣ್ಣು ಒಣಗಿದೆ ಎಂದು ಲೆಕ್ಕ. ನನ್ನದು ಇಳಿಯುವ ಯೋಚನೆಯನ್ನೇ ಮಾಡಲಿಲ್ಲ. ಅಳುಬುರುಕಿ ಎಂದು ಊರೆಲ್ಲ ಹೆಸರಾದವಳ ಕಣ್ಣಿನ ಸ್ಥಿತಿ ಇದು. ಆಮೇಲೆ ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯ ಇದೆಯೇ ಎಂದು ನೋಡಿದರು, ಕೆಳತುಟಿಯ ಒಳಗಿಂದ ಸಣ್ಣ ಗ್ರಂಥಿಗಳನ್ನು ತೆಗೆದು ಬಯಾಪ್ಸಿಗೆ ಕಳಿಸಿದರು. ಕೊನೆಗೆ ಫೈಲಿನ ಮೇಲೆ ಶೋಗ್ರೆನ್ಸ್ ಸಿಂಡ್ರೋಮ್ ಎಂದು ಬರೆದರು. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲು ಒಸರುವ ಗ್ರಂಥಿಗಳ ಮೇಲೆ ತಿರುಗಿ ಬೀಳುವ ಕಾಯಿಲೆ.

ಹೆನ್ರಿಕ್ ಶೋಗ್ರೆನ್ ಸ್ವೀಡನ್ನಿನ ಕಣ್ಣಿನ ಡಾಕ್ಟರು. ಕಣ್ಣು, ಬಾಯಿ ಒಣಗಿದ, ಬಹುಮಂದಿ ಗಂಟುನೋವಿನಿಂದಲೂ ನರಳುತ್ತಿದ್ದ 19 ಹೆಂಗಸರನ್ನು ಕೂಲಂಕಷವಾಗಿ ನೋಡಿ 1933ರಲ್ಲಿ ಪ್ರಬಂಧ ಬರೆದ. ವಿಶ್ವವಿದ್ಯಾಲಯದವರು ಅದಕ್ಕೆ ಒಳ್ಳೆಯ ದರ್ಜೆ ಕೊಡಲಿಲ್ಲ, ಪಾಠ ಹೇಳುವ ಹುದ್ದೆಯ ದಾರಿ ಅವನಿಗೆ ಅಲ್ಲಿಗೇ ಮುಚ್ಚಿತು. ಹೆಂಗಸರ ಒಣಬಾಯಿಯ ಕಥೆಗೆ ಮಾರ್ಕು ಬೀಳದಿರುವುದು ಇವತ್ತಿನ ಸುದ್ದಿಯೇನಲ್ಲ. 2011ರಲ್ಲಿ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಇದೇ ಕಾಯಿಲೆಯ ಹೆಸರು ಹೇಳಿ ಯು.ಎಸ್. ಓಪನ್‌ನಿಂದ ಹಿಂದೆ ಸರಿದಾಗ ಲೋಕಕ್ಕೆ ಸ್ವಲ್ಪ ಗೊತ್ತಾಯಿತು. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರೇ. ಅದೂ ಹೆಚ್ಚಾಗಿ ನಲವತ್ತು, ಐವತ್ತರ ಹೊತ್ತಿಗೆ ಪತ್ತೆಯಾಗುವಂಥದ್ದು. ಅಂದರೆ ಸರಿಯಾಗಿ ಮುಟ್ಟು ನಿಲ್ಲುವ ಸಮಯ. ಹಾಗಾಗಿ ಮೂರನೆಯ ಕಡೆಯ ಒಣಗಿಗೆ ಕಾರಣ ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ‘ವಯಸ್ಸಾಯಿತಲ್ಲ, ಹಾಗೇ’ ಎಂದುಬಿಟ್ಟರೆ ಮುಗಿಯಿತು. ಯೋನಿಯ ಗೋಡೆಯಲ್ಲಿ ಕಣ್ಣಿಗಿರುವಂಥ ಗ್ರಂಥಿಗಳಿಲ್ಲ, ಅಲ್ಲಿನ ತೇವ ಬಹುಪಾಲು ರಕ್ತನಾಳಗಳಿಂದ ಒಸರಿ ಬರುವಂಥದ್ದು. ಮುಟ್ಟು ನಿಂತು ಈಸ್ಟ್ರೋಜನ್ ಇಳಿದರೆ ಆ ತೇವ ಕಡಿಮೆಯಾಗುವುದು ನಿಜ. ಆದರೆ ಮುಟ್ಟು ನಿಲ್ಲುವ ಮೊದಲೇ ನನಗೆ ಹೀಗಾಗಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದು ಮಲಗುವ ಕೋಣೆಯ ತೊಂದರೆ ಎಂದು ಜನ ತಿಳಿದಿದ್ದಾರೆ. ಅವರು ಬೆಳಿಗ್ಗೆ ಶಹಾಡಿನಿಂದ ಲೋಕಲ್ ಹತ್ತಿ ನೋಡಬೇಕು. ಕಸಾರಾ ಮಾರ್ಗದಲ್ಲಿ ಕಲ್ಯಾಣ ದಾಟಿದರೆ ಸಿಗುವ ಮೊದಲ ನಿಲ್ದಾಣ ನಮ್ಮದು. ಆ ಕಡೆಯಿಂದ ಬರುವ ಗಾಡಿ ಟಿಟ್ವಾಳಾದಲ್ಲೇ ತುಂಬಿರುತ್ತದೆ. ಪುಣ್ಯವಿದ್ದರೆ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕುಂಡೆ ಊರಬಹುದು. ಸಲ್ವಾರಿನ ಹೊಲಿಗೆ ಒಣಗಿದ ಚರ್ಮಕ್ಕೆ ತಿಕ್ಕುತ್ತ ಠಾಣೆಯವರೆಗೆ ಕೂರುವುದಕ್ಕಿಂತ ನಿಂತಿರುವುದೇ ಮೇಲು ಎಂದು ಸೀಟು ಬಿಟ್ಟುಕೊಟ್ಟಿದ್ದೂ ಉಂಟು. ನನ್ನ ಔದಾರ್ಯ ಕಂಡು ಡಬ್ಬಿಯವರೆಲ್ಲ ಮೆಚ್ಚಿದರು. ಬಾಯಿ ಒಣಗುತ್ತದೆಂದು ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಕುಡಿದರೆ ಒಂದಕ್ಕೆ ಬರುತ್ತದೆ. ಲೋಕಲಿನಲ್ಲಿ ಸಂಡಾಸಿಲ್ಲ. ಕಟ್ಟಿಕೊಂಡು ಆಫೀಸು ಮುಟ್ಟಿ ಹೋದರೆ ಬಿರಿದ ಚರ್ಮದ ಮೇಲೆ ಮೂತ್ರ ಬಿದ್ದು ಜೀವ ಹೋಗುವಷ್ಟು ಉರಿ. ಆ ಉರಿಗೆ ಹೆದರಿ ನೀರು ಬಿಟ್ಟರೆ ಮತ್ತೆ ಬಾಯಿ. ಇದರಲ್ಲಿ ಗಂಡ ಎಲ್ಲಿ ಬಂದ, ಹಾಸಿಗೆ ಎಲ್ಲಿ ಬಂತು?

ಗಂಡನೂ ಬಂದರು, ಬಾರದೆ ಏನು. ಬಹಳ ದಿನದಿಂದ ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಒಂದು ರಾತ್ರಿ ಅವರೇ ಕೇಳಿದರು.

“ಹ್ವಾಯ್, ನನ್ ಮೇಲೆ ಸಿಟ್ಟಾ?”

“ಸಿಟ್ಟಲ್ಲ. ನೋವಾತ್ತ್.”

“ಎಲ್ಲಿ?”

“ಎಲ್ಲಿ ಅಂದ್ರೆ ಎಂತ ಹೇಳೂದ್ ಮರ್ರೆ! ಕಣ್ಣ್ ಒಣ್ಗಿತಲ್ಲ, ಹಾಂಗೆ ಅಲ್ಲೂ ಒಣ್ಗಿತ್.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಣ್ಣಿಗೆ ಡ್ರಾಪ್ಸ್ ಇತ್ತಲ್ಲ, ಇದಕ್ಕೂ ಎಂತದಾದ್ರೂ ಇರೂದೇ” ಎಂದರು. ಯಂತ್ರ ರಿಪೇರಿ ಮಾಡಿ ಬದುಕಿದ ಮನುಷ್ಯ. ಎಲ್ಲಿ ಒಣಗಿದೆಯೋ ಅಲ್ಲಿ ಏನಾದರೂ ಹಾಕಬೇಕು ಎಂಬುದು ಅವರಿಗೆ ಸಂಕೋಚದ ವಿಷಯವಾಗಿ ಕಾಣಲೇ ಇಲ್ಲ. ವರ್ಷಗಟ್ಟಲೆ ನಾನು ನುಂಗಿದ್ದನ್ನು ಈ ಮನುಷ್ಯ ಎರಡು ಮಾತಿನಲ್ಲಿ ಮುಗಿಸಿದರಲ್ಲ ಎಂದು ನನಗೆ ಆಗ ನಿಜಕ್ಕೂ ಸಿಟ್ಟು ಬಂತು.

ಮರುದಿನ ಮೆಡಿಕಲ್‌ಗೆ ಹೋದವರೂ ಅವರೇ. ಅಂಗಡಿಯವನು ಕಣ್ಣಿನ ಡ್ರಾಪ್ಸನ್ನು ಹಾಗೇ ಕೈಗೆ ಕೊಟ್ಟ. ಜೆಲ್ಲಿನ ಟ್ಯೂಬನ್ನು ಕಾಂಡೋಮಿನ ಪಕ್ಕದಿಂದ ತೆಗೆದು, ಹಳೆಯ ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಪ್ಪು ಚೀಲದೊಳಗೆ ಇಳಿಸಿದ. ಮನೆಯಲ್ಲಿ ಬಿಚ್ಚಿದರೆ ಸ್ಟ್ರಾಬೆರಿ ವಾಸನೆ! ಎರಡೂ ಒಣಗಿಗೇ ಹಾಕುವ ಮದ್ದು, ಒಂದು ಮಾತ್ರ ಮೋಜಿನ ಸಾಮಾನು.

ಆ ಸ್ಟ್ರಾಬೆರಿ ಉರಿ ಎಬ್ಬಿಸಿದ ಮೇಲೆ ನಾನು ಓದಲು ಕುಳಿತೆ. ಇಷ್ಟು ತಿಳಿಯಿತು: ಜಾರಲಿ ಎಂದು ಆ ಹೊತ್ತಿಗೆ ಹಚ್ಚುವ ಜೆಲ್ ಬೇರೆ, ತೇವ ಹಿಡಿದಿಡಲೆಂದು ವಾರಕ್ಕೆ ಎರಡು ಮೂರು ಸಲ ತಪ್ಪದೆ ಬಳಸುವ ಮಾಯಿಶ್ಚರೈಸರ್ ಬೇರೆ. ನನಗೆ ಮುಖ್ಯವಾಗಿ ಬೇಕಾಗಿದ್ದು ಎರಡನೆಯದು. ಹಾಸಿಗೆಗೂ ಅದಕ್ಕೂ ಸಂಬಂಧವಿಲ್ಲ, ಹಲ್ಲುಜ್ಜುವ ಹಾಗೆ ಅದೊಂದು ಅಭ್ಯಾಸ. ಜೆಲ್‌ಗಳಲ್ಲೂ ನೀರಿನವು ಬೇಗ ಆರುತ್ತವೆ, ಸಿಲಿಕೋನಿನವು ಹೆಚ್ಚು ಹೊತ್ತು ನಿಲ್ಲುತ್ತವೆ. ಕೊಬ್ಬರಿ ಎಣ್ಣೆ ಕೆಲವರಿಗೆ ಹಿಡಿಸುತ್ತದೆ, ಆದರೆ ಯಾವ ಎಣ್ಣೆಯಾದರೂ ಲೇಟೆಕ್ಸ್ ಕಾಂಡೋಮನ್ನು ಹಾಳು ಮಾಡುತ್ತದೆ. ತಮಾಷೆಯೆಂದರೆ, ಗ್ಲಿಸರಿನ್‌ನಂಥವು ಅತಿಯಾಗಿರುವ ಗಾಢ ಜೆಲ್‌ಗಳು ಜೀವಕೋಶದಲ್ಲಿರುವ ನೀರನ್ನೇ ಹೊರಗೆಳೆಯುತ್ತವೆ. ಒಣಗಿಗೆ ಕೊಂಡದ್ದು ಇನ್ನಷ್ಟು ಒಣಗಿಸುತ್ತದೆ! ಇದಕ್ಕೆ ಆಸ್ಮೊಲಾಲಿಟಿ ಎಂಬ ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಅದು 1200 ಮೀರಬಾರದು, ಪಿಎಚ್ 4.5ರ ಆಸುಪಾಸು ಇರಬೇಕು ಎಂದಿತ್ತು. ನಾನು ಕೊಂಡ ಯಾವ ಟ್ಯೂಬಿನ ಮೇಲೂ ಆ ಸಂಖ್ಯೆ ಕಾಣಲಿಲ್ಲ. ಸ್ಟ್ರಾಬೆರಿಯ ಚಿತ್ರ ಮಾತ್ರ ಸೊಗಸಾಗಿತ್ತು.

ಸೋಪು ಬಿಟ್ಟೆ, ಬರೀ ನೀರು. ಹತ್ತಿಯ ಒಳಬಟ್ಟೆ. ಮುಟ್ಟು ನಿಂತ ಮೇಲೆ ಸ್ತ್ರೀರೋಗ ತಜ್ಞೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮು ಬರೆದರು, ನನ್ನ ಹಳೆಯ ಕಾಗದಗಳನ್ನೆಲ್ಲ ನೋಡಿಯೇ ಬರೆದರು. ಇದು ಎಲ್ಲರಿಗೂ ಆಗಿಬರುವ ಮದ್ದಲ್ಲ, ಕೇಳದೆ ಹಚ್ಚಬಾರದು. ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ಕೂರಲು ಬರುತ್ತದೆ. ಈಗ ಸೀಟು ಸಿಕ್ಕರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಲೇಡೀಸ್ ಡಬ್ಬಿಯಲ್ಲಿ ಗರ್ಭಕೋಶ ತೆಗೆಸಿದ್ದು, ಸೊಸೆಯ ಗುಟ್ಟು, ಮಾವನ ಪೈಲ್ಸ್ ಎಲ್ಲವೂ ಮೆಂತೆಸೊಪ್ಪು ಬಿಡಿಸುತ್ತಲೇ ಮಾತಿಗೆ ಬರುತ್ತವೆ. ಒಂದು ದಿನ ಟಿಟ್ವಾಳಾದ ಗೆಳತಿಗೆ ಇದನ್ನೂ ಹೇಳಿದೆ. “ಅಗಂ, ಮಲಾ ಪಣ!” (ಅಯ್ಯೋ, ನನಗೂ ಹಾಗೇ!) ಎಂದಳು, ನಾಲ್ಕು ಸೀಟಿಗೆ ಕೇಳುವ ಹಾಗೆ. ಅವಳಿಗೆ ಸಕ್ಕರೆ ಕಾಯಿಲೆ. ಉರಿಯನ್ನು ಹೊಲಸು ಎಂದುಕೊಂಡು ದಿನವೂ ಕ್ರಿಮಿನಾಶಕ ದ್ರವ ಹಾಕಿ ತೊಳೆಯುತ್ತಿದ್ದಳಂತೆ. ಎದುರು ಕೂತಿದ್ದ ಇನ್ನೊಬ್ಬಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಜೆಲ್ಲಿನ ಹೆಸರೇನು ಎಂದು ಕೇಳಿದಳು.

ಪರೇಲಿನ ಕೆಇಎಂ ಆಸ್ಪತ್ರೆಯ ಸಂಧಿವಾತ ವಿಭಾಗಕ್ಕೆ ಈಚೆಗೆ ಹೋಗಿದ್ದೆ. ಈ ಕಾಯಿಲೆಯ ತೀವ್ರತೆಯನ್ನು ರೋಗಿಯ ಬಾಯಿಂದಲೇ ಅಳೆಯುವ ಪದ್ಧತಿಯೊಂದಿದೆ: ನೋವಿಗೆ, ಸುಸ್ತಿಗೆ, ಒಣಗಿಗೆ ಸೊನ್ನೆಯಿಂದ ಹತ್ತರೊಳಗೆ ಒಂದೊಂದು ಅಂಕ. ಮೈಯೆಲ್ಲದರ ಒಣಗಿಗೆ ಒಂದೇ ಅಂಕ. ಕಿರಿಯ ಡಾಕ್ಟರು, ನನ್ನ ಮಗನ ಪ್ರಾಯದವನು, ಪೆನ್ನು ಹಿಡಿದು ಕೇಳಿದ.

“ಒಣಗು ಎಷ್ಟು, ಮೌಶಿ?”

“ಯಾವುದರದ್ದು? ಕಣ್ಣಿಗೆ ಐದು, ಬಾಯಿಗೆ ಆರು, ಯೋನಿಗೆ ಮೊದಲು ಒಂಬತ್ತಿತ್ತು, ಈಗ ನಾಲ್ಕು.”

ಅವನ ಕಿವಿ ಕೆಂಪಾಯಿತು. ಆದರೆ ಬರೆದುಕೊಂಡ. ಬರೆದು, ತಲೆಯೆತ್ತದೆ, ಒಂಬತ್ತು ನಾಲ್ಕಕ್ಕೆ ಇಳಿದದ್ದು ಹೇಗೆ ಎಂದು ಕೇಳಿದ. ಹಿಂದೆ ದೊಡ್ಡ ಸಾಲಿತ್ತು, ಆದರೂ ಮಾಯಿಶ್ಚರೈಸರಿನಿಂದ ಶುರುಮಾಡಿ ಎಲ್ಲ ಹೇಳಿದೆ.